ಮೊದಲ ಮಳೆಗೆ ತೆರೆದ ವಾಲ್ವು

ಜನ್ಮದಲ್ಲಿ ಮೀನು ಮುಟ್ಟದ ರಾಮಲಿಂಗಪ್ಪ ಒಂದು ಹಳ್ಳದ ಮೀನುಗಳನ್ನೆಲ್ಲ ಕೊಂದ. ಹೀಗೆಂದರೆ ಇವತ್ತಿಗೂ ಜಗಳಕ್ಕೆ ಬರುತ್ತಾನೆ. ಬರಲಿ.

ವಿಜಯಪುರದ ಕಡೆಯವನು, ಪುಣೆಗೆ ಬಂದು ಇಪ್ಪತ್ತಾರು ವರ್ಷ. ಭೋಸರಿಯಾಚೆ ಕಲ್ಲು ಪುಡಿಮಾಡಿ ಮರಳು ತೊಳೆಯುವ ಸುಖೇಶ್ ಶೇಠರ ಕಾರ್ಖಾನೆಯಲ್ಲಿ ಗುಮಾಸ್ತ. ಹಣೆಗೆ ವಿಭೂತಿ, ದಾರಿಯಲ್ಲಿ ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವವ. ಮರಳು ತೊಳೆದ ನೀರು ಬೂದಿಬಣ್ಣದ ರಾಡಿಯಾಗಿ ದೊಡ್ಡ ಹೊಂಡದಲ್ಲಿ ನಿಲ್ಲುತ್ತಿತ್ತು. ತಳಕ್ಕೆ ಕೂತ ರಾಡಿಯನ್ನು ಬಳಿದು ಲಾರಿಯಲ್ಲಿ ಸಾಗಿಸಬೇಕೆಂಬುದು ನಿಯಮ. ಅದನ್ನು ತಪ್ಪಿಸುವ ಉಪಾಯ ಹೇಳಿಕೊಟ್ಟವನು ರಾಮಲಿಂಗಪ್ಪನೇ. ಮೊದಲ ದೊಡ್ಡ ಮಳೆಗೆ ಪಕ್ಕದ ಹಳ್ಳ ಹೇಗೂ ಕೆಂಪಾಗುತ್ತದೆ. ಆಗ ಹೊಂಡದ ವಾಲ್ವು ತೆರೆದು ರಾಡಿಯನ್ನು ಅದಕ್ಕೆ ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಶೇಠರು ಬೆನ್ನು ತಟ್ಟಿದರು. ಇವನು ಉಬ್ಬಿಹೋದ.

ಅದೇ ಮೊದಲ ಮಳೆಗೆ ಮೀನುಗಳು ನದಿಯಿಂದ ಹಳ್ಳಕ್ಕೆ ಏರಿಬಂದು ಹರಳುಗಲ್ಲುಗಳ ಸಂದಿಯಲ್ಲಿ ಮೊಟ್ಟೆ ಇಡುತ್ತವೆ. ಅದು ಅವನಿಗೆ ಗೊತ್ತಿರಲಿಲ್ಲ. ತಿನ್ನದವನಿಗೆ ಮೀನಿನ ಪಂಚಾಂಗ ಯಾಕೆ ಬೇಕು?

ಗೊತ್ತಿದ್ದವಳು ಕಲ್ಲವ್ವ, ಅವನ ಸೀಮೆಯಿಂದಲೇ ಬಂದು ಹಳ್ಳದ ದಂಡೆಯಲ್ಲೇ ಇದ್ದು ಬುಟ್ಟಿ ಹಾಕಿ ಮೀನು ಹಿಡಿದು ಮಾರುವವಳು. ಏರುವ ಮೀನು ಸಿಕ್ಕರೆ ಹೊಟ್ಟೆ ಸವರಿ ನೋಡುತ್ತಿದ್ದಳು. ಮೊಟ್ಟೆ ತುಂಬಿದ್ದರೆ ಕೈಮುಗಿದು ನೀರಿಗೇ ಬಿಡುತ್ತಿದ್ದಳು. ವಾಲ್ವು ತೆರೆದ ಮೂರನೆಯ ವರ್ಷ, ಮಳೆ ಬಿದ್ದ ನಾಲ್ಕು ದಿನಕ್ಕೆ ಅವಳು ಆಫೀಸಿಗೇ ಬಂದಳು. ಕೈಯಲ್ಲಿ ಕಲ್ಲು. ಹೊಡೆಯಲು ಬಂದಳೆಂದು ರಾಮಲಿಂಗಪ್ಪ ಕುರ್ಚಿ ಹಿಂದೆ ಸರಿಸಿದ.

“ನೋಡ್ರಿ ಇಲ್ಲೆ, ತತ್ತಿ ಮ್ಯಾಲ ಸಿಮೆಂಟ ಮೆತ್ತಿದಂಗ ಕುಂತದ ನಿಮ್ಮ ರಾಡಿ. ತತ್ತಿಗೂ ಉಸರು ಬೇಕಲ್ರಿ? ಕಲ್ಲಿನ ಬುಡಕಿನ ಹುಳಾನೂ ಸತ್ತಾವ. ಮರಿ ಹುಟ್ಟಿದ್ರೂ ಏನ್ ತಿಂತಾವ? ಬರೂ ವರ್ಷರೆ ಮೊದಲ ಮಳಿಗೆ ರಾಡಿ ಬಿಡಬ್ಯಾಡ್ರಿ. ಹದಿನೈದು ದಿನ ತಡೀರಿ.”

“ಮೀನ ಕೊಂದು ಮಾರಾಕಿ ನನಗ ದಯಾ ಕಲಸ್ತೀಯೇನ? ಹಳ್ಳ ತಾನ ತೊಳಕೊಂಡು ಹೋಗತದ. ನಡಿ, ಭಾಳ ವಾಸನಿ ಬರತದ.”

“ನಾ ಹೊಟ್ಟಿಗಿಷ್ಟು ಹಿಡೀತೇನಿ, ನಾಳಿಗಿಷ್ಟು ಬಿಡ್ತೇನಿ. ನೀವು ತಿನ್ನೂದಿಲ್ಲ ನೋಡ್ರಿ, ಅದಕ್ಕ ಒಂದೂ ಉಳಸೂದಿಲ್ಲ.”

ಮಾತು ನಾಟಿತು. ಕಲ್ಲಿನ ಮೇಲೆ ಬೆಳ್ಳಗಾಗಿ ಸತ್ತ ಮೊಟ್ಟೆಗಳನ್ನು ಅವನು ಕಣ್ಣಾರೆ ಕಂಡಿದ್ದ. ಹದಿನೈದು ದಿನ ತಡೆಯುವುದು ಅವನ ಕೈಯಲ್ಲೇ ಇತ್ತು, ಹೊಂಡದಲ್ಲಿ ಜಾಗವೂ ಇತ್ತು. ಆದರೆ ಮೀನು ಮಾರುವವಳ ಮಾತು ಕೇಳಿದರೆ ಮಾನ ಎಲ್ಲಿ ಉಳಿಯಿತು? ಮರುವರ್ಷ ಮೋಡ ಗುಡುಗುತ್ತಲೇ, ಹನಿ ನೆಲಕ್ಕೆ ಬೀಳುವ ಮೊದಲೇ ವಾಲ್ವು ತಿರುಗಿಸಿದ. ನಾನಾಗಿದ್ದರೆ ಕಲ್ಲವ್ವನ ಆ ಕಲ್ಲನ್ನು ಅವನ ತಲೆಗೇ ಎತ್ತಿಹಾಕುತ್ತಿದ್ದೆ.

ಅದರ ಮುಂದಿನ ವರ್ಷ ಮಳೆ ಚೆನ್ನಾಗಿಯೇ ಆಯಿತು. ಕಲ್ಲವ್ವ ಮೂರು ದಿನ ಬುಟ್ಟಿ ಹಿಡಿದು ನಿಂತಳು. ಒಂದು ಮೀನೂ ಏರಲಿಲ್ಲ. ಅವಳು ಬರೆಸಿ ಕೊಟ್ಟ ಅರ್ಜಿಗೆ ಮಾಲಿನ್ಯ ಮಂಡಳಿಯ ಸಾಹೇಬರೊಬ್ಬರು ಬಂದದ್ದು ಚಳಿಗಾಲದಲ್ಲಿ, ನೀರು ಕನ್ನಡಿಯಂತೆ ತಿಳಿಯಾದ ಮೇಲೆ. ಹಳ್ಳದಲ್ಲಿ ಮೀನುಗಳಿವೆಯೇ ಎಂದು ಅವರು ರಾಮಲಿಂಗಪ್ಪನನ್ನು ಮರಾಠಿಯಲ್ಲಿ ಕೇಳಿದರು.

ಮೊದಲು ಇದ್ದವು, ಎಂದ.

ಈಗ ಇವೆಯೇ?

ಕಲ್ಲವ್ವ ಅವನನ್ನೇ ನೋಡುತ್ತಿದ್ದಳು. ಹೇಗೆ ಹೋದವೆಂದು ಹೇಳಿಬಿಡಬೇಕೆಂದು ಅವನಿಗೆ ನಿಜಕ್ಕೂ ಅನ್ನಿಸಿತು. ಪಕ್ಕದಲ್ಲಿ ಶೇಠರು ಕೆಮ್ಮಿದರು.

ಇಲ್ಲ, ಎಂದ.

ಜಲಚರಗಳೇ ಇಲ್ಲದ ಹಳ್ಳದಲ್ಲಿ ಹಾನಿಯ ಪ್ರಶ್ನೆ ಬರುವುದಿಲ್ಲ ಎಂದು ಸಾಹೇಬರು ಬರೆದುಕೊಂಡು ಜೀಪು ಹತ್ತಿದರು. ಇನ್ನು ಮಳೆಗೆ ಕಾಯುವ ಕೆಲಸವಿಲ್ಲ, ಹೊಂಡ ತುಂಬಿದಾಗಲೆಲ್ಲ ಬಿಟ್ಟುಬಿಡು ಎಂದರು ಶೇಠರು. ರಾಮಲಿಂಗಪ್ಪ ಹೋಗಿ ಹಾಡಹಗಲೇ ವಾಲ್ವು ತೆರೆದ. ಸಾಯಲು ಒಂದು ಜೀವವೂ ಉಳಿದಿರಲಿಲ್ಲವಲ್ಲ, ಅವನಿಗೀಗ ಪಾಪದ ಭಯವೂ ಇರಲಿಲ್ಲ.