ಕ್ರಿಸ್‌ಮಸ್ ರೆಕಾರ್ಡಿನ ಮೇಲೆ ಸಂಡಿಗೆ

ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ನನ್ನಪ್ಪನ ಕ್ರಿಸ್‌ಮಸ್ ರೆಕಾರ್ಡಿನ ಮೇಲೆ ಸಂಡಿಗೆ ಹಾಕಿ ಮಾಳಿಗೆಯಲ್ಲಿ ಒಣಗಲು ಇಟ್ಟಳು. ತೊಂಬತ್ತೇಳರ ಬೇಸಿಗೆ, ಅದೂ ತಾವರಗೇರಾದ ಬಿಸಿಲು. ಪಾಪ, ಗೊತ್ತಿಲ್ಲದೆ ಇಟ್ಟಳು ಎಂದು ಮನೆಯವರು ಇವತ್ತಿಗೂ ಹೇಳುತ್ತಾರೆ. ಹೇಳಲಿ. ಅದು ಹಾಡುವುದನ್ನು ಅವಳು ಕಿವಿಯಾರೆ ಕೇಳಿದ್ದಳು.

ಅಪ್ಪ ಕೊಪ್ಪಳದಲ್ಲಿ ಪಾದ್ರಿಗಳ ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿದ್ದ. ಊರು ಬಿಡುವಾಗ ಅಲ್ಲಿಯ ನರ್ಸಮ್ಮ ತನ್ನ ರೆಕಾರ್ಡ್ ಪ್ಲೇಯರನ್ನೂ ಈ ಒಂದೇ ಹಳೆಯ ರೆಕಾರ್ಡನ್ನೂ ಅವನ ಕೈಗಿಟ್ಟು ಹೋದಳಂತೆ. ನಾವು ವಿಭೂತಿ ಹಚ್ಚುವ ಮಂದಿ. ಆದರೂ ಪ್ರತಿ ಕ್ರಿಸ್‌ಮಸ್ ಸಂಜೆ ಅಪ್ಪ ಕೈಕಾಲು ತೊಳೆದು ಬಂದು ಅದನ್ನು ಹಚ್ಚುತ್ತಿದ್ದ. ಮೊದಲು ಗಂಟೆಗಳ ಸದ್ದು, ಆಮೇಲೆ ಹೆಣ್ಣುಮಕ್ಕಳ ದನಿ. ಔಷಧದ ಚೀಟಿಯದು ಬಿಟ್ಟರೆ ಬೇರೆ ಇಂಗ್ಲಿಷ್ ಬಾರದ ಅಪ್ಪ ಆ ಮೊದಲ ಹಾಡಿಗೆ ಕಣ್ಣು ಮುಚ್ಚಿ ಗುನುಗುತ್ತಿದ್ದ. ಅವನು ತೀರಿಕೊಂಡ ಮೇಲೆ ನನ್ನ ಪಾಲಿಗೆ ಬಂದದ್ದು ಆ ಪ್ಲೇಯರು, ಆ ರೆಕಾರ್ಡು, ಅವನ ಕನ್ನಡಕದ ಡಬ್ಬಿ, ಇಷ್ಟೇ. ಆ ಹಾಡು ಹಚ್ಚಿದರೆ ಅಪ್ಪನ ಗುನುಗೂ ನನಗೆ ಕೇಳಿಸುತ್ತಿತ್ತು.

ಸಂಜೆ ಮಾಳಿಗೆ ಹತ್ತಿ ನೋಡುತ್ತೇನೆ, ರೆಕಾರ್ಡಿನ ಅಂಚೆಲ್ಲ ಹಂಚಿನ ಮೇಲಿನ ರೊಟ್ಟಿಯಂತೆ ಎದ್ದಿದೆ. ಸಂಡಿಗೆ ಸಮೇತ ತಂದು ನೆಗೆಣ್ಣಿಯ ಮುಂದೆ ಹಿಡಿದೆ. ‘ಕರೇ ತಾಟು, ಲಗೂ ಒಣಗ್ತಾವಂತ ಇಟ್ಟೆ. ಅಷ್ಟಕ್ಕ ಯಾಕ ಮಾರಿ ಹಂಗ ಮಾಡ್ತಿ?’ ಅಂದಳು. ಸಂಡಿಗೆ ಕಿತ್ತು, ಒರೆಸಿ ಹಚ್ಚಿದೆ. ಅಂಚಿನಲ್ಲಿ ಸೂಜಿ ನಿಲ್ಲಲೇ ಇಲ್ಲ, ಜಿಗಿದು ಜಿಗಿದು ಒಳಗೆ ಸರಿಯಿತು. ಅಪ್ಪನ ಹಾಡು ಇದ್ದದ್ದು ಅಂಚಿನಲ್ಲೇ. ಉಳಿದದ್ದು ಕೊನೆಯ ಎರಡು ಹಾಡು, ಅವೂ ಜ್ವರದವರು ನರಳಿದಂತೆ ಏರಿಳಿಯುತ್ತಿದ್ದವು.

ಆ ನರಳಾಟವನ್ನೇ ಅವಳಿಗೆ ಉಣಿಸುತ್ತೇನೆ ಎಂದು ಹಟ ತೊಟ್ಟೆ. ಮಧ್ಯಾಹ್ನ ಉಂಡು, ಎಲೆ-ಅಡಿಕೆ ಹಾಕಿಕೊಂಡು ಅವಳು ಅಡ್ಡಾಗುವುದೇ ತಡ, ಗೋಡೆಯ ಈಚೆ ನಾನು ರೆಕಾರ್ಡು ಹಚ್ಚುತ್ತಿದ್ದೆ. ಯುಗಾದಿಗೂ ಕ್ರಿಸ್‌ಮಸ್, ನಾಗರಪಂಚಮಿಗೂ ಕ್ರಿಸ್‌ಮಸ್. ಮೊದಮೊದಲು ಗೋಡೆ ಗುದ್ದಿದಳು, ಗಂಡನಿಗೆ ದೂರಿದಳು, ನನಗೆ ದೆವ್ವ ಬಡಿದಿದೆ ಎಂದು ಓಣಿಯೆಲ್ಲ ಹೇಳಿಕೊಂಡು ಬಂದಳು. ತವರಿನಿಂದ ಬಂದ ವಸ್ತು, ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಬರುಬರುತ್ತ ಸುಮ್ಮನಾದಳು. ಸೋತಳು ಎಂದುಕೊಂಡೆ. ಹೀಗೇ ಆರೇಳು ವರ್ಷ ಕಳೆದವು.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಗೋಡೆಯಾಚೆಯಿಂದ ಗುನುಗು ಕೇಳಿಸಿತು. ಅದೇ ಕೊನೆಯ ಹಾಡು, ಬಾಗಿದ ರೆಕಾರ್ಡಿನ ಏರಿಳಿತದ ಸಮೇತ. ಗುನುಗುತ್ತಿದ್ದವಳು ನೆಗೆಣ್ಣಿ. ಆಮೇಲೆ ಕೂಗಿ ಹೇಳಿದಳು: ‘ತಂಗೀ, ಕರೆಂಟ್ ಬಂದ ಕೂಡ್ಲೆ ಹಚ್ಚು. ಅದಿಲ್ದ ನಂಗ ನಿದ್ದಿನ ಹತ್ತೂದಿಲ್ಲ.’

ಇಷ್ಟು ವರ್ಷದ ನನ್ನ ಶಿಕ್ಷೆ ಅವಳಿಗೆ ಜೋಗುಳವಾಗಿತ್ತು. ಅಪ್ಪನ ಹಾಡನ್ನು ಬಿಸಿಲಿಗೆ ಕೊಂದವಳು ಉಳಿದದ್ದನ್ನೂ ತನ್ನದು ಮಾಡಿಕೊಂಡು ಗೊರಕೆ ಹೊಡೆದಿದ್ದಳು. ಕರೆಂಟ್ ಬರುವ ಮೊದಲೇ ಸೂಜಿ ಬಿಚ್ಚಿ ಅಪ್ಪನ ಕನ್ನಡಕದ ಡಬ್ಬಿಯಲ್ಲಿಟ್ಟೆ, ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಸೂಜಿ ಮುರಿದಿದೆ, ಈಗ ಎಲ್ಲೂ ಸಿಗುವುದಿಲ್ಲವಂತೆ ಎಂದು ಅವಳಿಗೆ ಹೇಳಿದೆ.

ಅವಳು ಬಿಡಲಿಲ್ಲ. ಕುಷ್ಟಗಿಯ ರೇಡಿಯೊ ರಿಪೇರಿಯವನನ್ನು ಗಂಡನ ಕೈಲಿ ಕೇಳಿಸಿದಳು. ಹೇಮಗುಡ್ಡದ ದುರ್ಗಮ್ಮನಿಗೆ ಹೋದವಳು ಬರುವಾಗ ಗಂಗಾವತಿಯಲ್ಲಿ ಇಳಿದು, ಗುಜರಿ ಅಂಗಡಿ ಹುಡುಕಿ, ಹಳೆಯ ಗ್ರಾಮಫೋನಿನ ಸೂಜಿಗಳ ಪುಟ್ಟ ಡಬ್ಬಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ತಂದಳು.

‘ಇದರಾಗ ಒಂದರ ಕೂಡ್ತೈತೇನ ನೋಡು ತಂಗಿ,’ ಅಂದಳು. ‘ಅವತ್ತ ಸಂಡಿಗಿ ಇಟ್ಟಿದ್ದು ನಂದ ತಪ್ಪು. ಗೊತ್ತಿದ್ದ ಇಟ್ಟಿದ್ದೆ.’

ಈ ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಒಂದೊಂದೇ ಸೂಜಿ ಎತ್ತಿ, ಕಣ್ಣ ಹತ್ತಿರ ಹಿಡಿದು ನೋಡಿ ಡಬ್ಬಿಗೆ ಹಾಕಿದೆ.

‘ಕೂಡೂದಿಲ್ರಿ ಅಕ್ಕಾರ,’ ಅಂದೆ.

ಈಗ ಮಧ್ಯಾಹ್ನ ಗೋಡೆಯಾಚೆ ಅವಳು ಮಗ್ಗಲು ಬದಲಿಸುವಾಗಿನ ಬಳೆಗಳ ಸದ್ದು ಕೇಳಿಸುತ್ತದೆ. ನನಗೆ ಕಣ್ತುಂಬ ನಿದ್ದೆ ಬರುತ್ತದೆ.