ಗುಲ್ಶನ್‌ಬಿಯ ಹಿತ್ತಾಳೆ ಹಣಿಗೆ

ವಾಡಿಯಲ್ಲಿ ಎರಡು ಜಾಗಗಳಿಗೆ ಯಾರೂ ದಾರಿ ಕೇಳಬೇಕಿಲ್ಲ. ಒಂದು ರೈಲು ನಿಲ್ದಾಣ, ಇನ್ನೊಂದು ಗುಲ್ಶನ್‌ಬಿಯ ಮನೆ. ಮೊದಲನೆಯದು ಸದ್ದಿನಿಂದ ಸಿಗುತ್ತದೆ, ಎರಡನೆಯದು ವಾಸನೆಯಿಂದ. ಕೊಬ್ಬರಿ ಎಣ್ಣೆ ಹಚ್ಚಿದ ಕೂದಲಿನ ಮೇಲೆ ಬಿಸಿ ಹಿತ್ತಾಳೆ ಆಡಿದಾಗ ಏಳುವ ಆ ವಾಸನೆ, ಗಾಳಿ ಅನುಕೂಲವಾಗಿದ್ದರೆ ರಾವೂರಿನ ಕಲ್ಲುಗಣಿಯ ತನಕ ಹೋಗುತ್ತದೆ. ಅಲ್ಲಿ ಕೆಲಸ ಮಾಡುವವರು ಮೂಗೇರಿಸಿ ನೋಡಿ, ಎಲ್ಲೋ ಒಂದು ಮದುವೆ ಇದೆ ಎಂದು ತಿಳಿದುಕೊಂಡು ಅಂಗಿ ಒಗೆಯಲು ಹಾಕುತ್ತಾರೆ.

ಗುಲ್ಶನ್‌ಬಿಗೆ ಅರವತ್ತೆರಡು ವರ್ಷ. ಸೊಕ್ಕಿನ ಕೂದಲನ್ನು ಸೀದಾ ಮಾಡುವುದು ಅವಳ ಕಸುಬು. ಅವಳ ಹಿರಿಯರು ಆಫ್ರಿಕಾದಿಂದ ಕಡಲು ದಾಟಿ ಬಂದ ಸಿದ್ದಿಗಳು. ಹೈದರಾಬಾದಿನಲ್ಲಿ ನಿಜಾಮರ ಕುದುರೆ ಪಡೆಯಲ್ಲಿದ್ದರು. ಕುದುರೆ ಹೋಯಿತು, ಪಡೆ ಹೋಯಿತು. ಅವಳ ಅಪ್ಪ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರಾಗಿ ವಾಡಿಗೆ ಬಂದ. ಮನೆತನದಲ್ಲಿ ಕೊನೆಗೂ ಕೈಬಿಡದೆ ಉಳಿದದ್ದು ಎರಡೇ: ಮಿರಮಿರ ಮಿಂಚುವ ಕಪ್ಪು ಬಣ್ಣ, ಮತ್ತು ಬೇರಿನಿಂದಲೇ ಸುತ್ತಿಕೊಂಡು ಏಳುವ ಗುಂಗುರು ಕೂದಲು. ಎಂಥ ಗುಂಗುರು ಎಂದರೆ, ಅದರಲ್ಲಿ ಸಿಕ್ಕಿಸಿದ ಪೆನ್ಸಿಲ್ಲು ವಾರ್ಷಿಕ ಪರೀಕ್ಷೆಗೇ ಹೊರಗೆ ಬರುವುದು.

ಹಣಿಗೆಯನ್ನು ಮಾಡಿಕೊಟ್ಟವನು ಆ ಅಪ್ಪನೇ. ಗುಜರಿಗೆ ಹೋಗಬೇಕಿದ್ದ ಯಾವುದೋ ಉಗಿಬಂಡಿಯ ಸೀಟಿಯಿಂದ ಒಂದು ತುಂಡು ಹಿತ್ತಾಳೆ ತೆಗೆದು, ಹಲ್ಲು ಹಲ್ಲಾಗಿ ಅರದಲ್ಲಿ ಉಜ್ಜಿ, ಬೇವಿನ ಹಿಡಿಕೆ ಹಾಕಿದ. ಇಂದಿಗೂ ಅದು ಎಣ್ಣೆಗೂದಲನ್ನು ಮುಟ್ಟಿದಾಗ ಸುಂಯ್ ಎಂದು ಸೀಟಿ ಹೊಡೆಯುತ್ತದೆ. ಆ ಸದ್ದಿಗೆ ಸೊಲ್ಲಾಪುರದ ಗಾಡಿಯೊಂದು ಹಸಿರು ಬಾವುಟ ಕಾಯದೆ ಹೊರಟುಹೋಗಿತ್ತೆಂದು ಓಣಿಯವರು ಹೇಳುತ್ತಾರೆ. ಗಾಡಿ ಸಂಖ್ಯೆ ಮಾತ್ರ ಯಾರೂ ಹೇಳುವುದಿಲ್ಲ.

ಕೆಲಸದ ರೀತಿ ಹೀಗೆ. ಇದ್ದಿಲ ಸಿಗಡಿಯ ಮೇಲೆ ಹಣಿಗೆ ಕಾಯಿಸಿ, ತೆಗೆದು, ಮೊದಲು ತಣ್ಣನೆಯ ಜೋಳದ ರೊಟ್ಟಿಯ ಅಂಚಿಗೆ ಒತ್ತುವುದು. ರೊಟ್ಟಿ ಕಂದಾದರೆ ಹಣಿಗೆ ಇನ್ನೂ ಬಿಸಿ, ಕೂದಲು ಸುಡುತ್ತದೆ. ರೊಟ್ಟಿ ಬೆಚ್ಚಗಾಗಿ ಸುಮ್ಮನಿದ್ದರೆ ಸರಿ. ಆಮೇಲೆ ಒಂದು ಬೆರಳಷ್ಟು ಕೂದಲು ಹಿಡಿದು ಬೇರಿನಿಂದ ತುದಿಗೆ ಎಳೆಯುವುದು. ಕೂತ ಹುಡುಗಿ ತನ್ನ ಕಿವಿಯನ್ನು ತಾನೇ ಮಡಚಿ ಹಿಡಿದುಕೊಳ್ಳಬೇಕು, ಉಸಿರಾಡಿದರೂ ಹೇಳಿ ಆಡಬೇಕು. ಸೇಡಂನಿಂದ, ಮಳಖೇಡದಿಂದ ಗುಂಗುರುಗೂದಲ ಮದುಮಕ್ಕಳು ಜಾತಿಮತ ನೋಡದೆ ಬಂದು ಹೀಗೆ ಕಿವಿ ಹಿಡಿದು ಕೂತಿದ್ದಾರೆ. ಚಿತ್ತಾಪುರದ ಬ್ಯೂಟಿ ಪಾರ್ಲರಿನ ದೇವಿಕಾ ಒಮ್ಮೆ ಇಂಥದೇ ಒಂದು ತಲೆಗೆ ಕರೆಂಟಿನ ಮಶೀನು ಇಟ್ಟಿದ್ದಳು. ಮಶೀನು ಎರಡು ಸಲ ಕೆಮ್ಮಿ ಪ್ರಾಣ ಬಿಟ್ಟಿತು, ಅರ್ಧ ಬಜಾರಿನ ಲೈಟು ಹೋಯಿತು. ಅಂದಿನಿಂದ ದೇವಿಕಾ ಅಂಥ ತಲೆ ಬಂದರೆ ತಾನೇ ವಾಡಿಯ ಬಸ್ಸು ಹತ್ತಿಸುತ್ತಾಳೆ.

ಇಂಥ ಗುಲ್ಶನ್‌ಬಿ ಒಂದೇ ಒಂದು ತಲೆಯ ಮುಂದೆ ಸೋತಿದ್ದಳು. ಅದು ಅವಳ ಮೊಮ್ಮಗಳದು.

ಮಹೆವಿಶಳಿಗೆ ಎಂಟು ವರ್ಷ, ಗುಲ್ಶನ್‌ಬಿಯ ಹಿರಿಯ ಮಗನ ಮಗಳು. ಹಬ್ಬ, ಮದುವೆ, ಶಾಲೆಯ ಗ್ಯಾದರಿಂಗು ಏನೇ ಇರಲಿ, ಹಿಂದಿನ ದಿನ ದಾದಿಯ, ಎಂದರೆ ಅಜ್ಜಿಯ, ಮುಂದೆ ಕಿವಿ ಹಿಡಿದು ಕೂರುವುದು ಅವಳಿಗೆ ಹಲ್ಲುಜ್ಜಿದಷ್ಟು ರೂಢಿ. ಕಳೆದ ರಂಜಾನ್ ಹಬ್ಬಕ್ಕೂ ಹಾಗೆ ಮಾಡಿಸಿಕೊಂಡಳು. ಆದರೆ ವಾಡಿಯ ಬಿಸಿಲು ಕಲ್ಲನ್ನೇ ಬೆವರಿಸುವಂಥದು. ಮಧ್ಯಾಹ್ನದ ಹೊತ್ತಿಗೆ ಕೂದಲು ಒಂದೊಂದೇ ಎದ್ದು, ಸಂಜೆಗೆ ಎಲ್ಲ ಸೇರಿ ಸಭೆ ನಡೆಸಿದವು. ಸೇಡಂನಿಂದ ಬಂದ ಅತ್ತೆಯ, ಎಂದರೆ ಗುಲ್ಶನ್‌ಬಿಯ ಮಗಳ, ಮಕ್ಕಳು ಅವಳಿಗೆ ‘ಪಾತ್ರೆ ತಿಕ್ಕುವ ಜಾಲಿ’ ಎಂದು ಹೆಸರಿಟ್ಟರು. ಮಹೆವಿಶ ಶೀರಖುರ್ಮಾ ಪಾಯಸದ ಬಟ್ಟಲನ್ನು ಮುಟ್ಟದೆ ಬಾಗಿಲ ಹಿಂದೆ ಹೋಗಿ ಕೂತಳು. ಗುಲ್ಶನ್‌ಬಿಗೆ ಆ ಬಟ್ಟಲು ಬಹಳ ದಿನ ಕಣ್ಣ ಮುಂದಿತ್ತು.

ಆಮೇಲೆ ಕಿರಿಯ ಮಗನ ನಿಕಾಹ್ ಗೊತ್ತಾಯಿತು. ಹುಡುಗಿ ಶಹಾಬಾದಿನವಳು. ಎಲ್ಲರಿಗೂ ರಜೆ ಇರುತ್ತದೆಂದು ದೀಪಾವಳಿಯ ದಿನವನ್ನೇ ಹಿಡಿದರು. ವರನ ಮುಂದೆ ಹೂವಿನ ತಟ್ಟೆ ಹಿಡಿದು ನಡೆಯುವವಳು ಮಹೆವಿಶ. ಸೇಡಂನವರೂ ಬರುವವರಿದ್ದರು. ಮಹೆವಿಶ ದಾದಿಯಿಂದ ಒಂದು ಮಾತು ತೆಗೆದುಕೊಂಡಳು: ಈ ಸಲ ಕೂದಲು ಬೆನ್ನ ಮೇಲೆ ಬೀಳಬೇಕು, ಬಿದ್ದದ್ದು ಏಳಬಾರದು. ಗುಲ್ಶನ್‌ಬಿ ಮಾತು ಕೊಟ್ಟಳು. ಕೊಟ್ಟ ಮೇಲೆ ಆರು ತಿಂಗಳು ಅದನ್ನೇ ಯೋಚಿಸಿದಳು.

ಉಪಾಯ ಹೊಳೆದದ್ದು ಒಂದು ಮಧ್ಯಾಹ್ನ ಅಂಗಳದ ಫರ್ಸಿ ಕಲ್ಲಿನ ಮೇಲೆ ಅಡ್ಡಾದಾಗ. ಹೊರಗೆ ಕಾಗೆ ಹಾರುತ್ತಲೇ ಹುರಿದುಹೋಗುವ ಬಿಸಿಲಿದ್ದರೂ ನೆರಳಿನ ಶಹಾಬಾದ್ ಕಲ್ಲು ಮಾತ್ರ ಗಡಿಗೆಯ ನೀರಿನಂತೆ ತಣ್ಣಗಿತ್ತು. ಕಾದ ಕೂದಲನ್ನು ಕೂಡಲೇ ಇಂಥ ಕಲ್ಲಿನ ನಡುವೆ ಇಟ್ಟು ತಣಿಸಿದರೆ ಅದು ಹಾಗೇ ನಿಲ್ಲಬೇಕಲ್ಲ ಎಂದುಕೊಂಡು, ಅಂಗೈಯಗಲದ ಎರಡು ನುಣುಪು ಚಪ್ಪಡಿ ಮಾಡಿಸಿ ತಂದಳು.

ಮದುವೆಯ ಹಿಂದಿನ ಮಧ್ಯಾಹ್ನ ಪ್ರಯೋಗವಾಯಿತು. ಒಂದು ಎಳೆಗೆ ಬಿಸಿ ಹಣಿಗೆ, ಹಿಂದೆಯೇ ತಣ್ಣನೆ ಕಲ್ಲು. ನಾಲ್ಕು ತಾಸು ಬೇಕಾಯಿತು, ಮಹೆವಿಶ ಮಡಚಿದ ಕಿವಿ ಬಿಡಿಸುವುದನ್ನೇ ಮರೆತಿದ್ದಳು. ಎದ್ದು ನಿಂತಾಗ ಕೂದಲು ಸೊಂಟದ ತನಕ ಹರಿದಿತ್ತು. ಅದರ ಹೊಳಪಿನಲ್ಲಿ ಬೆಕ್ಕು ತನ್ನ ಮುಖ ನೋಡಿಕೊಂಡು ಮೀಸೆ ಸರಿಮಾಡಿಕೊಂಡಿತು. ಇದು ಏಳೂದಿಲ್ಲಲ್ಲ ಎಂದು ಮಹೆವಿಶ ಕೇಳಿದಳು. ಗುಲ್ಶನ್‌ಬಿ ಸಂತೋಷದಲ್ಲಿದ್ದಳು, ಸಂತೋಷದಲ್ಲಿ ಅವಳ ನಾಲಿಗೆ ಅಳತೆ ಮೀರುತ್ತಿತ್ತು.

“ಏಳೂದಾ? ಇದಕ್ಕ ಫರ್ಸಿ ಇಟ್ಟೀನಿ. ಬೆವರಿಗಿ ಅಲ್ಲ, ಕಾಗಿಣಾ ಹೊಳಿ ಬಂದು ಮ್ಯಾಲ ಹರದ್ರೂ ಹೆದರೂದಿಲ್ಲ ಇದು.”

ಎಂಟು ವರ್ಷದವರು ದೊಡ್ಡವರ ಮಾತನ್ನು ಇದ್ದ ಹಾಗೇ ನಂಬುತ್ತಾರೆ.

ಪಕ್ಕದ ಮನೆ ನಿವೃತ್ತ ಮಾಸ್ತರು ಪಾಂಡುರಂಗಾಚಾರ್ಯರದು. ಅವರ ಹೆಂಡತಿ ನರ್ಮದಾಬಾಯಿಗೆ ವರ್ಷದಲ್ಲಿ ಒಂದು ದಿನ ಓಣಿಯ ಮೇಲೆ ಪೂರ್ತಿ ಅಧಿಕಾರ ಬರುತ್ತದೆ. ಅದು ದೀಪಾವಳಿಯ ನರಕ ಚತುರ್ದಶಿ. ಸೂರ್ಯ ಹುಟ್ಟುವುದರೊಳಗೆ ಎಣ್ಣೆನೀರು ಎರೆಸಿಕೊಳ್ಳದ ಕೂಸು ತನ್ನ ಓಣಿಯಲ್ಲಿ ಇರಕೂಡದು ಎಂಬುದು ಅವರ ಕಾನೂನು. ಅಂಗಳದ ಒಲೆಯ ಮೇಲೆ ತಾಮ್ರದ ಹಂಡೆ ಕೊತಕೊತ ಅನ್ನುತ್ತಿರುತ್ತದೆ. ಹಾಲು ಹಾಕಲು ಬಂದ ಖಂಡಪ್ಪ ಒಂದು ವರ್ಷ ತಪ್ಪಿ ಒಳಗೆ ಕಾಲಿಟ್ಟು, ತಾನೂ ಎರೆಸಿಕೊಂಡು, ಕಣ್ಣಲ್ಲಿ ಸೀಗೆಕಾಯಿ ಹೊತ್ತು ಮನೆಗೆ ಹೋಗಿದ್ದ. ಆಗ ಅವನಿಗೆ ನಲವತ್ತಾರು ವರ್ಷ.

ಮದುವೆಯ ದಿನ ಬೆಳಗಿನ ಜಾವ ಮಹೆವಿಶ ಅಲ್ಲಿಗೆ ಸುಮ್ಮನೆ ಹೋಗಲಿಲ್ಲ. ನರ್ಮದಾಬಾಯಿಯ ಮೊಮ್ಮಗಳು ಹರಿಪ್ರಿಯಾ ಅವಳ ಗೆಳತಿ, ಅವಳಿಗೆ ಕೂದಲು ತೋರಿಸಬೇಕಿತ್ತು. ತೋರಿಸಿದಳು. ಹರಿಪ್ರಿಯಾ ಮುಟ್ಟಿ ನೋಡಿದಳು. ಅಷ್ಟರಲ್ಲಿ ನರ್ಮದಾಬಾಯಿ ಪ್ರೀತಿಯಿಂದ ಎರಡೂ ಕೂಸುಗಳನ್ನು ಮಣೆಯ ಮೇಲೆ ಕೂರಿಸಿದರು. ಮಹೆವಿಶ ಬೇಡ ಅನ್ನಲಿಲ್ಲ. ಹೊಳೆಗೇ ಹೆದರದ ಕೂದಲು ಒಂದು ಹಂಡೆಗೆ ಹೆದರುತ್ತದೆಯೆ?

ಎಣ್ಣೆ ಹಚ್ಚುವ ತನಕ ಎಲ್ಲ ಸರಿಯಿತ್ತು. ಮೊದಲ ತಂಬಿಗೆ ಬಿಸಿನೀರು ಬಿತ್ತು, ನೆತ್ತಿಯ ಕೂದಲು ಎದ್ದು ಕೂತವು. ಎರಡನೆಯದಕ್ಕೆ ಎದ್ದು ನಿಂತವು. ಮೂರನೆಯದಕ್ಕೆ ನಾಲ್ಕು ತಾಸಿನ ಕೆಲಸ ನಾಲ್ಕು ಕಡೆ ಸುರುಳಿ ಸುತ್ತಿತು. ಹರಿಪ್ರಿಯಾ ತನ್ನ ಟವೆಲ್ಲು ಮುಖಕ್ಕೆ ಹಿಡಿದುಕೊಂಡಳು. ಮಹೆವಿಶ ಎರಡೂ ಕೈಯಿಂದ ತಲೆ ಮುಟ್ಟಿ ನೋಡಿಕೊಂಡು, ಅಳುತ್ತ ಮನೆಗೆ ಓಡಿದಳು.

ಒಂಬತ್ತಕ್ಕೆ ಶಹಾಬಾದಿಗೆ ದಿಬ್ಬಣದ ಗಾಡಿ ಹೊರಡಬೇಕು. ಗುಲ್ಶನ್‌ಬಿ ಮೊಮ್ಮಗಳ ತಲೆ ನೋಡಿದಳು, ಗಡಿಯಾರ ನೋಡಿದಳು, ಸಿಗಡಿಗೆ ಇದ್ದಿಲು ಸುರಿದು ಹಣಿಗೆ ಇಟ್ಟಳು. ಹಣಿಗೆ ಕಾಯಿತು. ಕೂದಲಲ್ಲಿ ಬೆರಳಾಡಿಸಿದಳು. ಬೇರಿನ ತನಕ ನೀರು. ಆ ದಪ್ಪ ಕೂದಲು ಆರಲು ಮಧ್ಯಾಹ್ನವಾದರೂ ಬೇಕು, ಹಸಿಯಲ್ಲಿ ಹಣಿಗೆ ಇಟ್ಟರೆ ಹಬೆಯೆದ್ದು ನೆತ್ತಿಯೇ ಬೇಯುತ್ತದೆ. ಗುಲ್ಶನ್‌ಬಿಯ ಬಲಗಿವಿಯ ಹಿಂದೆ ಹುಣಸೆಬೀಜದಷ್ಟು ಒಂದು ಕಲೆಯಿದೆ. ಒಂಬತ್ತು ವರ್ಷದವಳಿದ್ದಾಗ, ಹೀಗೇ ಅವಸರದ ಒಂದು ಮದುವೆಯ ಬೆಳಗ್ಗೆ ಅವಳ ತಾಯಿ ಮಾಡಿದ್ದು. ಗುಲ್ಶನ್‌ಬಿ ಹಣಿಗೆಯನ್ನು ನೀರಿನ ಬಕೀಟಿಗೆ ಹಾಕಿಬಿಟ್ಟಳು.

ಹಿಂದೆಯೇ ನರ್ಮದಾಬಾಯಿ ಒದ್ದೆ ಸೆರಗಿನಲ್ಲಿ ಬಂದು ನಿಂತಿದ್ದರು. ತಮ್ಮಿಂದ ತಪ್ಪಾಯಿತೆಂದು, ಕೂಸಿಗೆ ಒಳ್ಳೆಯದಾಗಲೆಂದು ಎರೆದದ್ದೆಂದು, ತಮ್ಮ ಕೈಗೆ ಬೆಂಕಿ ಬೀಳಲೆಂದು ಒಂದೇ ಉಸಿರಲ್ಲಿ ಹೇಳುತ್ತಿದ್ದರು. ಗುಲ್ಶನ್‌ಬಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಫರ್ಸಿಯ ಬಡಾಯಿ ಕೊಚ್ಚಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು.

ಮಹೆವಿಶ ಗೋಡೆಗೆ ಮುಖ ಮಾಡಿ ಕೂತಿದ್ದಳು. ತಟ್ಟೆಯನ್ನು ಬೇರೆ ಯಾರಿಗಾದರೂ ಕೊಡಿ ಅಂದಳು.

“ನಾ ಬರೂದಿಲ್ಲ. ನಿಂದು ಸೀದಾ ಅದ, ಅಮ್ಮೀದು ಸೀದಾ ಅದ, ಸೇಡಂನವರದೂ ಸೀದಾ ಅದ. ನನಗೊಬ್ಬಾಕಿಗೇ ಯಾಕ ಹಿಂಗ, ದಾದಿ?”

ಗುಲ್ಶನ್‌ಬಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಮ್ಮಿ ಬೇರೆ ಮನೆತನದಿಂದ ಬಂದವಳು, ಅವಳದು ಹುಟ್ಟಿನಿಂದ ಸೀದಾ. ಸೇಡಂನ ಮಕ್ಕಳದು ಅವರ ಅಪ್ಪನ ಕಡೆಯದು. ಮನೆಯ ಗಂಡಸರು ಕೂದಲನ್ನು ಬೆಳೆಯಲೇ ಬಿಡದವರು. ಆದರೆ ತನ್ನದು? ಮದುವೆಯಾಗಿ ಬಂದಾಗಿನಿಂದ ನಲವತ್ತು ವರ್ಷ, ಪ್ರತಿ ಗುರುವಾರ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವಳು ತನ್ನ ತಲೆಗೂ ಹಣಿಗೆ ಎಳೆದುಕೊಳ್ಳುತ್ತಿದ್ದಳು. ಗಂಡ ತೀರಿಹೋಗುವ ತನಕವೂ ಅವಳ ಗುಂಗುರನ್ನು ನೋಡಲಿಲ್ಲ. ಮೊಮ್ಮಗಳಿಗೂ ತೋರಿಸಿರಲಿಲ್ಲ. ಐದೂರಿನ ತಲೆಗಳನ್ನು ಬಲ್ಲ ಹೆಂಗಸಿಗೆ, ತನ್ನ ಮೊಳಕಾಲಿನ ಮುಂದೆ ಕಿವಿ ಹಿಡಿದು ಕೂತ ಕೂಸು ಇದು ತನಗೊಬ್ಬಳಿಗೇ ಅಂಟಿದ್ದು ಎಂದುಕೊಂಡಿದೆ ಎಂಬುದು ಗೊತ್ತಿರಲಿಲ್ಲ.

ಅವಳು ನರ್ಮದಾಬಾಯಿಯ ಕಡೆ ತಿರುಗಿದಳು.

“ಬಾಯಾರ, ಹಂಡ್ಯಾಗ ನೀರು ಉಳದದೇನ್ರಿ?”

“ಉಳದದ. ಯಾಕ ಗುಲ್ಶನ್‌ಬಿ?”

“ನನಗೂ ಎರೀರಿ.”

“ನಿನಗ? ಮದವಿ ಮನಿ ಇಟಗೊಂಡು ಈಗ? ನಿಂದೂ ಕೆಡ್ತದಲ್ಲವಾ.”

“ಕೆಡಲಿ ಅಂತೇ ಎರೀರಿ.”

ಪಾಂಡುರಂಗಾಚಾರ್ಯರನ್ನು ಪೇಪರಿನ ಸಮೇತ ಒಳಗೆ ಕಳಿಸಲಾಯಿತು. ಗುಲ್ಶನ್‌ಬಿ ದುಪಟ್ಟಾ ತೆಗೆದಿಟ್ಟು ಮಣೆಯ ಮೇಲೆ ಕೂತು, ಮಹೆವಿಶಳನ್ನು ಎದುರಿಗೇ ಕೂರಿಸಿಕೊಂಡಳು. ನರ್ಮದಾಬಾಯಿ ಮೊದಲು ಅಂಜುತ್ತ ಒಂದು ತಂಬಿಗೆ ಹಾಕಿದರು. ನಲವತ್ತು ವರ್ಷ ಮಲಗಿಸಿಟ್ಟ ಕೂದಲಿಗೆ ಯಾರೋ ಹೆಸರು ಹಿಡಿದು ಕರೆದಂತಾಯಿತು. ಎಡಗಡೆ ಎದ್ದಿತು, ಬಲಗಡೆ ಎದ್ದಿತು. ಬೆಳ್ಳಗೆ, ಬೂದು ಬೂದಾಗಿ, ಅಗಲಕ್ಕೆ ಎದ್ದಿತು. ನೀರೆರೆದು ಮುಗಿಸುವಷ್ಟರಲ್ಲಿ ಅವಳ ತಲೆಯ ಸುತ್ತ ಅಂಥ ಒಂದು ಮೋಡ ಕವಿದಿತ್ತೆಂದರೆ, ಎದುರು ಮನೆಯ ಶಿವಕಾಂತಮ್ಮ ಮಳೆ ಬರುತ್ತದೆಂದು ಮಾಳಿಗೆಯ ಮೇಲಿನ ಹಪ್ಪಳ ತೆಗೆದಳು.

ಮಹೆವಿಶ ಅಳುವುದನ್ನು ಎಲ್ಲಿ ಬಿಟ್ಟಳೋ ಅವಳಿಗೇ ನೆನಪಿಲ್ಲ. ಹತ್ತಿರ ಸರಿದು, ಒಂದು ಬೆರಳು ಹಾಕಿ, ಒಂದು ಸುರುಳಿಯನ್ನು ಎಳೆದು ಬಿಟ್ಟಳು. ಅದು ಚಿಮ್ಮಿ ಹಿಂದಕ್ಕೆ ಹೋಯಿತು.

“ಇದು ನಿಂದೇ ಏನು, ದಾದಿ?”

“ನಂದೇ. ಮತ್ತ ನಿನಗ ಎಲ್ಲಿಂದ ಬಂತಂತ ತಿಳಕೊಂಡಿದ್ದಿ?”

ಮಹೆವಿಶ ಇನ್ನೊಂದು ಸುರುಳಿ ಎಳೆದಳು. ಆಮೇಲೆ ತನ್ನದೊಂದನ್ನು ಎಳೆದು ನೋಡಿ, ನಂದು ನಿಂದಕ್ಕಿಂತ ಜೋರಾಗಿ ಹಾರ್ತದ ಅಂದಳು. ಹೂವಿನ ತಟ್ಟೆ ಎಲ್ಲಿದೆ ಎಂದು ಕೇಳಿದ್ದು ಅದರ ನಂತರ.

ಒಂಬತ್ತರ ಗಾಡಿ ಹತ್ತು ನಿಮಿಷ ತಡವಾಗಿ ಹೊರಟಿತು. ಶಹಾಬಾದಿನ ಶಾದಿಖಾನೆಯಲ್ಲಿ ಮಹೆವಿಶ ಕರಿಮೋಡ ಹೊತ್ತು, ತಟ್ಟೆ ಹಿಡಿದು, ಚಾಚಾನ ಮುಂದೆ ನಡೆದಳು. ನಡೆಯುವಾಗ ಎರಡು ಸಲ ಹಿಂದೆ ತಿರುಗಿ ದಾದಿ ಇದ್ದಾಳೋ ಇಲ್ಲವೋ ನೋಡಿದಳು. ಹೆಂಗಸರ ಕಡೆಗೆ ಬಂದ ಮೇಲೆ ಗುಲ್ಶನ್‌ಬಿ ದುಪಟ್ಟಾವನ್ನು ಹೆಗಲಿಗಿಳಿಸಿದಳು. ಚಿಂಚೋಳಿಯಿಂದ ಬಂದಿದ್ದ ಬೀಗರ ಮುದುಕಿ ಬಾಯಿಗೆ ಹೋಗುತ್ತಿದ್ದ ಎಲೆಅಡಿಕೆಯನ್ನು ಅಲ್ಲೇ ಹಿಡಿದಳು. ಸೇಡಂನ ದೊಡ್ಡ ಹುಡುಗಿ ತಡೆಯಲಾರದೆ, ನಾನಿ, ನಿಮ್ಮದೂ ಜಾಲಿಯೇನು ಎಂದು ಕೇಳಿಬಿಟ್ಟಳು.

“ಹೌದವಾ,” ಅಂದಳು ಗುಲ್ಶನ್‌ಬಿ. “ಈ ಜಾಲ್ಯಾಗ ಸೋಸೇ ನಿಮ್ಮವ್ವನ್ನ ತಗದೀನಿ. ಸೋಸಿ ಉಳದಿದ್ದು ನೀ. ಸುಮ್ಮ ಕುಂತು ಬಿರಿಯಾನಿ ತಿನ್ನು.”

ಚಿಂಚೋಳಿಯ ಮುದುಕಿ ನಕ್ಕ ನಗುವಿಗೆ ಅಡಿಕೆ ಮೂರು ಸಾಲು ಆಚೆ ಹೋಗಿ ಬಿತ್ತು. ಆ ಹುಡುಗಿ ಆಮೇಲೆ ಮಹೆವಿಶಳ ಪಕ್ಕದಲ್ಲೇ ಕೂತು, ಒಂದು ಸುರುಳಿ ಎಳೆಯಲು ಪರವಾನಿಗೆ ಕೇಳಿದಳು. ಮಹೆವಿಶ ಕೊಡಲಿಲ್ಲ.

ಗುಲ್ಶನ್‌ಬಿ ಹಣಿಗೆಯನ್ನು ಗುಜರಿಗೆ ಹಾಕಲಿಲ್ಲ. ಮದುಮಕ್ಕಳು ಈಗಲೂ ಬರುತ್ತಾರೆ, ರೊಟ್ಟಿಯ ಅಂಚು ಈಗಲೂ ಬೆಚ್ಚಗಾಗುತ್ತದೆ, ಹೊಸ ಚಪ್ಪಡಿಗಳೂ ಕೆಲಸ ಮಾಡುತ್ತವೆ. ನೀರಿನ ವಿಷಯದಲ್ಲಿ ಮಾತ್ರ ಅವಳು ಯಾರಿಗೂ ಮಾತು ಕೊಡುವುದಿಲ್ಲ. ಗುರುವಾರ ತನ್ನ ತಲೆಗೆ ಹಣಿಗೆ ಇಡಬೇಕೆನಿಸಿದರೆ ಇಡುತ್ತಾಳೆ, ಆದರೆ ಅಂಗಳದಲ್ಲಿ ಕೂತು, ಮೊಮ್ಮಗಳು ಶಾಲೆಯಿಂದ ಬಂದ ಮೇಲೆ. ಮೊಮ್ಮಗಳ ತಲೆಯದಾದರೆ ಸಿಗಡಿ ಹೊತ್ತಿಸುವ ಮೊದಲು ಕೇಳುತ್ತಾಳೆ.

ಈ ಸಲದ ರಂಜಾನ್‌ಗೂ ಕೇಳಿದಳು. ಮಹೆವಿಶ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತು, ಒಬ್ಬ ಜಡ್ಜಿನಷ್ಟು ಯೋಚಿಸಿ, ತೀರ್ಪು ಕೊಟ್ಟಳು.

“ಮುಂದಿಂದು ಸೀದಾ ಮಾಡು, ದಾದಿ. ಹಿಂದಿಂದು ಹಂಗೇ ಇರಲಿ.”

ನಲವತ್ತು ವರ್ಷದ ಕಸುಬಿನಲ್ಲಿ ಅಂಥ ತಲೆಯನ್ನು ಗುಲ್ಶನ್‌ಬಿ ಮಾಡಿರಲಿಲ್ಲ. ರೊಟ್ಟಿ ತರಲು ಎದ್ದು ಒಳಗೆ ಹೋದಳು. ಮಹೆವಿಶ ಎರಡೂ ಕಿವಿಗಳನ್ನು ಮಡಚಿ ಹಿಡಿದು ಕೂತಳು.