ಕೆರೆದು ತೆಗೆದ ಚುಕ್ಕಿ

ಟ್ರಂಕು ತೆಗೆದ ಕೂಡಲೇ ಹೈಪೋ ವಾಸನೆ ಬಂತು. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾದರೂ ಫೋಟೋ ತೊಳೆಯುವ ಆ ಪುಡಿಯ ನಾತ ಹೋಗಿಲ್ಲ. ತಳದಲ್ಲಿ ಹಳೆಯ ಧೋತರದ ಚೂರಿನಲ್ಲಿ ಸುತ್ತಿಟ್ಟ ಗಾಜಿನ ನೆಗೆಟಿವ್ ಪ್ಲೇಟು... ಮಾಸ್ತರರದು.

ಯುದ್ಧಕ್ಕೆ ಮುಂಚಿನ ಮಾತು. ಧಾರವಾಡದಲ್ಲಿ ನನ್ನ ಸ್ಟುಡಿಯೋ ಇತ್ತು. ಪ್ಲೇಟಿನ ಮೇಲಿನ ಕಲೆಗಳನ್ನು ಸಣ್ಣ ಚೂರಿಯಿಂದ ಕೆರೆದು ತೆಗೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಸಿಡುಬಿನ ಮುಖದ ಹುಡುಗಿಯರೂ ನನ್ನ ಫೋಟೋದಲ್ಲಿ ಗಂಡಿನ ಕಡೆಯವರಿಗೆ ಒಪ್ಪಿಗೆಯಾಗುತ್ತಿದ್ದರು. ಮುಂದಿನದು ಆ ದೇವರಿಗೇ ಗೊತ್ತು!

ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನನ್ನದೊಂದು ಹಳೆಯ ಕ್ಯಾಮರಾ ಕೊಂಡು, ಹೆಬ್ಬಳ್ಳಿ ಕಡೆಯ ಬಯಲಿಗೆ ಹೋಗಿ ಆಕಾಶದ ಫೋಟೋ ತೆಗೆಯುವ ಹುಚ್ಚು ಅವರಿಗೆ. ಮಂದಿ ನಗುತ್ತಿದ್ದರು, ನಾನೂ ನಕ್ಕಿದ್ದೇನೆ. ಒಂದು ಮುಂಜಾನೆ ಸಾಲೆಗೆ ಹೊರಟ ಅವಸರದಲ್ಲಿ ತಾವೇ ತೊಳೆದ ಎರಡು ಪ್ಲೇಟು ಕೊಟ್ಟು, "ಇದು ಹೋದ ತಿಂಗಳದ್ದು, ಇದು ನಿನ್ನೀದು. ಎರಡಕ್ಕೂ ಛಲೋ ಪ್ರಿಂಟ್ ಹಾಕಿ ಇಡ್ರಿ" ಎಂದು ಹೋದರು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎರಡರಲ್ಲೂ ಅವೇ ಕರಿ ಚುಕ್ಕಿಗಳು; ಪ್ಲೇಟಿನ ಮೇಲೆ ನಕ್ಷತ್ರ ಕರಿದಾಗಿಯೇ ಮೂಡುತ್ತದೆ. ಹೊಸದರಲ್ಲಿ ಮಾತ್ರ ಒಂದು ಹೆಚ್ಚಿಗೆ ಇತ್ತು, ಮಬ್ಬು ಹೊಗೆಯಂಥದೊಂದು ಗುರುತಿನ ಅಂಚಿನಲ್ಲಿ. ಹೋದ ತಿಂಗಳು ಇಲ್ಲದ್ದು ಈಗ ಎಲ್ಲಿಂದ ಬಂತು? ಕಸವೇ ಸರಿ ಎಂದು ಕೆರೆದು ತೆಗೆದೆ.

ಸಂಜೆ ಪ್ರಿಂಟು ನೋಡಿದ ಮಾಸ್ತರರು ಆ ಮಬ್ಬಿನ ಅಂಚಿಗೆ ಬೆರಳಿಟ್ಟರು.

"ಇಲ್ಲೊಂದು ಚುಕ್ಕಿ ಇತ್ತಲ್ರೀ?"

ಆ ಮಬ್ಬು ಕೋಟ್ಯಂತರ ನಕ್ಷತ್ರಗಳ ಬೇರೆಯೇ ಲೋಕವಂತೆ. ಅಲ್ಲಿ ಏನೋ ಸಿಡಿದಿದೆಯಂತೆ. ಆ ಬೆಳಕು ಲಕ್ಷಾಂತರ ವರ್ಷ ನಡೆದು ಈಗ ನಮ್ಮನ್ನು ಮುಟ್ಟಿದೆಯಂತೆ. ದಿನದಿನಕ್ಕೆ ಅದು ಹೇಗೆ ಆರುತ್ತದೆಂದು ನೋಡಿದರೆ, ಸಿಡಿದದ್ದು ಏನೆಂದು ತಿಳಿಯಬಹುದಂತೆ... ಅವರು ಹೇಳುತ್ತ ಹೋದಂತೆ ನಾನು ಕೆರೆದದ್ದು ಏನೆಂದು ತಿಳಿಯಿತು. ಚೂರಿ ಇನ್ನೂ ಮೇಜಿನ ಮೇಲೇ ಇತ್ತು. ಊರಿಗೆಲ್ಲ ಹೆಸರಾದ ಕೈ ತಪ್ಪಿತೆಂದು ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ.

"ಇರಲಿಲ್ರಿ ಮಾಸ್ತರ" ಎಂದೆ. "ಇದ್ದಿದ್ರ ನನಗ ಕಾಣ್ತಿದ್ದಿಲ್ಲೇನು?"

"ನಿಮ್ಮ ಕಣ್ಣು ತಪ್ಪಂಗಿಲ್ಲ ಬಿಡ್ರಿ. ನನ್ನ ಕಣ್ಣ ಸೋತಾವು" ಎಂದು ಪ್ಲೇಟನ್ನು ನನ್ನಲ್ಲೇ ಬಿಟ್ಟು ಎದ್ದರು.

ಆ ವಾರವೇ ಮಳೆ ಹಿಡಿಯಿತು. ಮಳೆ ಮುಗಿದ ಮೇಲೂ ಮಾಸ್ತರರು ಬಯಲಿಗೆ ಹೋಗಲಿಲ್ಲ. ಕ್ಯಾಮರಾ ಮರಳಿ ತಂದುಕೊಟ್ಟರು. ದಾರಿಯಲ್ಲಿ ಸಿಕ್ಕಾಗೆಲ್ಲ ನಾಳೆ ಹೇಳೋಣ ಎಂದುಕೊಂಡೆ... ಆ ನಾಳೆ ಬರುವ ಮುಂಚೆ ಅವರೇ ಹೋದರು.

ಇವತ್ತು ಪ್ಲೇಟನ್ನು ಕಿಟಕಿಗೆ ಹಿಡಿದೆ. ಗಾಜಿನ ಮೇಲಿನ ಲೇಪವೆಲ್ಲ ಕಂದಿ ಹಳದಿಯಾಗಿದೆ, ನಕ್ಷತ್ರಗಳ ಗುರುತು ಸಿಗುವುದಿಲ್ಲ. ನಾನು ಕೆರೆದಲ್ಲಿ ಮಾತ್ರ ಲೇಪವಿಲ್ಲ. ಅಲ್ಲಿಂದ ಬಿಸಿಲು ತೂರಿ, ಸಾಸಿವೆಯಷ್ಟು ಚುಕ್ಕಿಯೊಂದು ಉರಿಯುತ್ತಿತ್ತು. ಪ್ಲೇಟನ್ನು ಓರೆ ಮಾಡಿದರೂ ಅದು ಆರಲಿಲ್ಲ.

ಕೇಳಿಸಿಕೊಳ್ಳಲು ಅವರಿಲ್ಲ. ಆದರೂ ಗಟ್ಟಿಯಾಗಿಯೇ ಹೇಳಿದೆ: "ಇತ್ತರಿ ಮಾಸ್ತರ. ನಾನ ಕೆರದೆ."